ಚಿಕ್ಕಮ್ಮನ ಸ್ಟುಡಿಯೋ

ನನ್ನ ಚಿಕ್ಕಮ್ಮನ ಕೈಗೆ ಖಾಲಿ ಬೆಂಕಿಪೊಟ್ಟಣ ಕೊಡಿ. ಅದರೊಳಗೆ ನಡುಮನೆ, ಅಡುಗೆಮನೆ, ದೇವರಮನೆ ಮೂರನ್ನೂ ಹೊಂದಿಸಿ, ನೆಂಟರಿಗೊಂದು ಮಂಚಕ್ಕೂ ಜಾಗ ಮಾಡಿಯಾಳು! ಆಮೇಲೆ ಆ ಪೊಟ್ಟಣದಲ್ಲಿ ಬಾಳಬೇಕಾದವರ ಗತಿ? ಅದನ್ನು ನನ್ನನ್ನು ಕೇಳಿ.

ಗಂಡನ ಮನೆ ಬಿಟ್ಟು ಬಂದ ನಾನು ದಾವಣಗೆರೆಯ ಹಳೇ ಕಟ್ಟಡವೊಂದರ ಮಹಡಿಯಲ್ಲಿ ಒಂದೇ ಕೋಣೆಯ ಮನೆ ಹಿಡಿದೆ. ಬ್ರೋಕರ್ ಅದನ್ನು ‘ಸ್ಟುಡಿಯೋ ಅಪಾರ್ಟ್‌ಮೆಂಟ್’ ಎಂದಿದ್ದ. ಒಬ್ಬಳೇ ಇರಬಲ್ಲೆನೇ ಎಂಬ ಅಳುಕಿನಲ್ಲೇ, ‘ಸ್ಟುಡಿಯೋ ಸಿಕ್ಕೈತೆ’ ಎಂದು ಹರಿಹರದ ಚಿಕ್ಕಮ್ಮನಿಗೆ ಫೋನಿನಲ್ಲಿ ಹೇಳಿದ್ದು ನನ್ನ ಗ್ರಹಚಾರ. ಮರುದಿನ ಬೆಳಿಗ್ಗೆ ಬಸ್ಸಿಳಿದಳು: ಜಲಪಾತದ ಚಿತ್ರವಿರುವ ದೊಡ್ಡ ಪರದೆ, ಎತ್ತರದ ಸ್ಟೂಲು, ಪ್ಲಾಸ್ಟಿಕ್ ಹೂವಿನ ಕುಂಡ, ಗಿರಾಕಿಗಳು ತಲೆ ಬಾಚಿಕೊಳ್ಳಲು ಕನ್ನಡಿ ಬಾಚಣಿಗೆ ಸಮೇತ!

“ಚಿಕ್ಕಮ್ಮ, ಇದು ಫೋಟೊ ತೆಗೆಯೋ ಸ್ಟುಡಿಯೋ ಅಲ್ಲ. ಅಡುಗಿ, ಮಲಗೋದು, ಎಲ್ಲಾ ಒಂದೇ ಕೋಣ್ಯಾಗ ಇರೋ ಮನಿ.”

“ಅಷ್ಟಕ್ಕ ಸ್ಟುಡಿಯೋ ಅಂತಾರೇನ? ಹಂಗಾರ ನಮ್ಮಜ್ಜಿ ಎಂಟು ಮಕ್ಕಳನ್ನ ಸ್ಟುಡಿಯೋದಾಗ ಹಡೆದಾಳ ಬಿಡು!”

ತಂದ ಸಾಮಾನು ವಾಪಸ್ ಒಯ್ಯುವ ಜಾಯಮಾನ ಅವಳದಲ್ಲ. ಪರದೆ ಕಟ್ಟಿ ಮಂಚವನ್ನು ಮರೆ ಮಾಡಿದಳು. ಇನ್ನು ನಾನು ಮಲಗುವುದು ಜಲಪಾತದ ಹಿಂದೆ. ಕುಂಡದಲ್ಲಿ ಸೌಟುಗಳು ಅರಳಿದವು. ದೇವರು ಸ್ಟೂಲಿನ ಮೇಲೆ, ಫೋಟೊಕ್ಕೆ ಕೂತವನಂತೆ!

ಆಮೇಲೆ ಮೊಳೆ. ಒಂದೇ ಏಟಿಗೆ ಬೊಗಸೆ ಗಾರೆ ಉದುರಿತು. ತೂತು ಮುಚ್ಚಲು ಕ್ಯಾಲೆಂಡರ್, ಕ್ಯಾಲೆಂಡರಿಗೆ ಇನ್ನೊಂದು ಮೊಳೆ, ಆ ಮೊಳೆಗೆ ಇನ್ನೊಂದು ತೂತು. ಅಷ್ಟರಲ್ಲಿ ಪಕ್ಕದ ಮನೆಯ ಸಾಹೇಬರು ಬಾಗಿಲಿಗೆ ಬಂದರು. ಜಗಳ ಗ್ಯಾರಂಟಿ ಎಂದುಕೊಂಡೆ.

“ನಿಮ್ಮ ಮೊಳಿ ನಮ್ಮನ್ಯಾಗ ಬಂದೈತ್ರಿ,” ಎಂದರು. “ಅಂಗಿ ನೇತಾಕೀನಿ. ಬನೀನಿಗೂ ಒಂದು ಹೊಡೀರಲ್ಲ!”

ಚಿಕ್ಕಮ್ಮ ಹೊಡೆದೇಬಿಟ್ಟಳು.

ಕನ್ನಡಿ ಬಾಚಣಿಗೆ ಬಾಗಿಲ ಹೊರಗೆ ತೂಗಿದ್ದೇ ತಡ, ಭಾನುವಳ್ಳಿ ಎಂಬ ಹಳ್ಳಿಯ ದಂಪತಿಗಳು ಫೋಟೊ ಸ್ಟುಡಿಯೋ ಎಂದೇ ತಿಳಿದು ಪಾಸ್‌ಪೋರ್ಟ್ ಸೈಜಿನ ಫೋಟೊಕ್ಕೆಂದು ಒಳಗೆ ಬಂದರು. ಇಲ್ಲ ಎನ್ನಬೇಕೋ ಬೇಡವೋ? “ಬರ್ರಿ, ಕೂಡ್ರಿ!” ಎಂದು ಚಿಕ್ಕಮ್ಮ ತಟ್ಟೆ ತುಂಬ ಮಂಡಕ್ಕಿ ಕೊಟ್ಟಳು. ಫೋಟೊ ಸಿಗದಿದ್ದರೂ ಅವರು “ಸ್ಟುಡಿಯೋದೋರು ಭಾಳ ಒಳ್ಳೇರು” ಎಂದು ಹೊಗಳುತ್ತಾ ಇಳಿದುಹೋದರು.

ನನಗೆ ಮಾತ್ರ ಕೂರಲು ಜಾಗವಿರಲಿಲ್ಲ. ಗಾರೆಯ ಪುಡಿಯ ಮೇಲೇ ಕುಸಿದು ಅತ್ತುಬಿಟ್ಟೆ.

“ಇದು ಮನಿ ಆಗಲ್ಲ ಚಿಕ್ಕಮ್ಮ. ನನ್ನ ಕೈಲಾಗಲ್ಲ. ವಾಪಸ್ ಗಂಡನ ಮನಿಗೇ ಹೋಗ್ತೀನಿ.”

ಅವಳು ಸುತ್ತಿಗೆ ಕೆಳಗಿಟ್ಟು ಪಕ್ಕದಲ್ಲಿ ಕುಳಿತಳು.

“ನಾನೂ ಒಮ್ಮೆ ಮನಿ ಬಿಟ್ಟು ಹೊಂಟಿದ್ದೆ. ಬಸ್ ಸ್ಟ್ಯಾಂಡ್ ತನಕ ಹೋದೆ. ಮುಂದ ಎಲ್ಲಿಗೆ ಅಂತ ತಿಳೀಲಿಲ್ಲ. ವಾಪಸ್ ಹೋದೆ. ನೀ ಹೋಗಬ್ಯಾಡ.”

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಸಂಜೆಯ ಬಸ್ಸಿಗೆ ಹೊತ್ತಾಯಿತು. ಚೀಲ ಎತ್ತಿಕೊಂಡು ಹೊರಟವಳು ಬಾಗಿಲಲ್ಲೇ ನಿಂತು, ಎಂದೂ ಇಲ್ಲದ ಸಂಕೋಚದಿಂದ, “ಇವತ್ತೊಂದಿನ ನಾ ಇಲ್ಲೇ ಇರ್ಲೇನ?” ಎಂದಳು.

“ಅದನ್ನೇನು ಕೇಳೋದು?”

“ಕೇಳಬ್ಯಾಡೇನ? ಮನಿ ನಿಂದೈತೆ.”

ಹುಟ್ಟಿದ ಮನೆಯಲ್ಲಾಗಲಿ, ಗಂಡನ ಮನೆಯಲ್ಲಾಗಲಿ, ನನ್ನನ್ನು ಯಾರೂ ಹೀಗೆ ಕೇಳಿದ್ದಿಲ್ಲ. ಅವಳ ಕೈಯಿಂದ ಚೀಲ ಇಸಿದುಕೊಂಡೆ.