ಹೊಸಕೋಟೆ ಲಾರಿ ಆಯಿಲ್ ಕುಡಿದದ್ದು

ನಮ್ಮಪ್ಪ ಜನರನ್ನು ಮುಖ ನೋಡಿ ಗುರುತು ಹಿಡಿಯುವುದಿಲ್ಲ, ಅವರ ಗಾಡಿಯ ಸೈಲೆನ್ಸರ್ ನೋಡಿ ಹಿಡಿಯುತ್ತಾರೆ. ಯಾರೇ ಬಂದರೂ ಮೊದಲು ಗಾಡಿಯ ಹಿಂದಕ್ಕೆ ಹೋಗಿ, ಸೈಲೆನ್ಸರ್ ಬಾಯಿಗೆ ಬೆರಳು ಹಾಕಿ ಒಂದು ಸುತ್ತು ತಿರುಗಿಸಿ, ಆ ಬೆರಳನ್ನೇ ನೋಡಿಕೊಂಡು "ಬಂದ್ರಾ, ಮನೇಲೆಲ್ಲ ಆರಾಮಾ" ಎಂದು ಕೇಳುತ್ತಾರೆ. ನನ್ನನ್ನು ನೋಡಲು ಬಂದಿದ್ದ ಗಂಡಿನ ಕಡೆಯವರ ಕಾರಿಗೂ ಹೀಗೇ ಮಾಡಿದರು. ಆ ಸಂಬಂಧ ಮುಂದುವರಿಯಲಿಲ್ಲ. ಹುಡುಗ ಒಳ್ಳೆಯವನೇ, ಕಾರಿನ ಎಂಜಿನ್ ರಿಂಗ್ ಹೋಗಿತ್ತಂತೆ.

ಸಕಲೇಶಪುರದಲ್ಲಿ ಹೆದ್ದಾರಿಯಿಂದ ಸ್ವಲ್ಪ ಕೆಳಕ್ಕೆ ನಮ್ಮ ಲಾರಿ ಗ್ಯಾರೇಜ್ ಇದೆ. ಅಲ್ಲಿ ಸ್ಪೇರ್ ಪಾರ್ಟ್ಸ್ ಕೌಂಟರಿನಲ್ಲಿ ಕೂರುವವಳು ನಾನು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ್ದರಿಂದ ನನಗೆ ಎರಡು ಭಾಷೆಗಳಲ್ಲಿ ಸುಮ್ಮನಿರಲು ಬರುತ್ತದೆ. ಸುಮ್ಮನೆ ಕೂತವರನ್ನು ಜನ ಪೀಠೋಪಕರಣದ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ, ಎದುರಿಗೇ ಏನು ಬೇಕಾದರೂ ಮಾಡುತ್ತಾರೆ. ಹಾಗಾಗಿ ಇಂಥ ಪ್ರಸಂಗಗಳಿಗೆ ನಮ್ಮಲ್ಲಿ ಬರವಿಲ್ಲ. ಈ ಸಲ ಮಾತ್ರ ಎಲ್ಲವೂ ಒಂದೇ ಲಾರಿಯಿಂದ ಹುಟ್ಟಿದವು.

ಮಂಜು

ಲಾರಿ ಆಲೂರು ಕಡೆಯ ಕೆ. ಹೊಸಕೋಟೆಯದು. ಅದರ ಯಜಮಾನರೂ ಡ್ರೈವರೂ ಒಬ್ಬರೇ. ಅವರನ್ನು ನಾವು ಹೊಸಕೋಟೆಯವರು ಎಂದೇ ಕರೆಯುವುದು. ಏಳು ಲಕ್ಷ ಕಿಲೋಮೀಟರ್ ಓಡಿದ ಆ ಲಾರಿ ಈಗ ಡೀಸೆಲ್ ಜೊತೆಗೆ ಎಂಜಿನ್ ಆಯಿಲನ್ನೂ ಕುಡಿಯಲು ಶುರು ಮಾಡಿತ್ತು. ಅವರು ಬಂದವರೇ ಅಪ್ಪನ ಕೈ ಹಿಡಿದುಕೊಂಡರು.

"ಅಣ್ಣ, ಯಾವ ಕಾಯಿಲೆ ಬೇಕಾದ್ರೂ ಹೇಳು, ಎಂಜಿನ್ ಮಾತ್ರ ಬಿಚ್ಚಬೇಡ. ಕಾಫಿ ಕುಯ್ಲು ಬಂದ್ಬುಡ್ತು. ಈಗ ಲಾರಿ ನಿಂತರೆ ಎಸ್ಟೇಟ್ ಲೆಕ್ಕ ಬರೆಯೋ ರೈಟರ್ ಇನ್ನೊಬ್ಬನ ಲಾರಿಗೆ ಹೇಳ್ಬುಡ್ತಾನೆ. ಒಂದ್ಸಲ ಕೈಬಿಟ್ಟ ಬಾಡಿಗೆ ಮತ್ತೆ ನಮ್ಮ ಕಡೆ ತಿರುಗಿ ನೋಡಲ್ಲ."

ಅಪ್ಪ ಆಗಲೇ ಬೆರಳು ನೋಡುತ್ತಿದ್ದರು. "ಹೊಗೆ ಯಾವ ಬಣ್ಣ?"

"ಹೊಗೆ ಎಲ್ಲೈತೆ? ಅದು ಮಂಜು."

"ಸೈಲೆನ್ಸರಿಂದ ಮಂಜು ಬರುತ್ತಾ ಮಾರಾಯ?"

"ಘಾಟಿಲಿ ಓಡೋ ಗಾಡಿ ಕಣಣ್ಣ. ಬೆಳಗ್ಗೆ ಒಳಗೆ ಸೇರ್ಕೊಂಡಿರುತ್ತೆ, ಆಮೇಲೆ ನಿಧಾನಕ್ಕೆ ಹೊರಗೆ ಬತ್ತದೆ."

ಆಗ ಮಧ್ಯಾಹ್ನ. ತಲೆ ಸುಡುವ ಬಿಸಿಲು. ಅಪ್ಪ ಎಂಜಿನ್ ಚಾಲೂ ಮಾಡಿಸಿ ಆಕ್ಸಿಲೇಟರ್ ಒತ್ತಿಸಿದರು. ನೀಲಿ ಹೊಗೆ ಗ್ಯಾರೇಜ್ ತುಂಬಿ, ಕೌಂಟರಿಗೆ ಬಂದು, ನನ್ನ ಊಟದ ಡಬ್ಬಿಯನ್ನೂ ಮುಚ್ಚಿತು. ಹೊಸಕೋಟೆಯವರು ಕೆಮ್ಮುತ್ತಾ ಹೇಳಿದರು: "ಈ ವರ್ಷ ಮಂಜು ಸ್ವಲ್ಪ ಜಾಸ್ತಿನೇ."

ರಟ್ಟು

ಆಯಿಲ್ ಕಡಿಮೆಯಾಗುತ್ತಿದ್ದರೆ ಎರಡೇ ದಾರಿ. ಒಳಗೆ ಉರಿಯುತ್ತಿರಬೇಕು, ಇಲ್ಲವೇ ಹೊರಗೆ ಸೋರುತ್ತಿರಬೇಕು. ಉರಿಯುತ್ತಿದ್ದರೆ ಎಂಜಿನ್ ಬಿಚ್ಚಬೇಕಾಗಬಹುದು. ಸೋರುತ್ತಿದ್ದರೆ ಒಂದು ಪ್ಯಾಕಿಂಗ್ ಹಾಕಿದರೆ ಮುಗಿಯಿತು. ಹೊಸಕೋಟೆಯವರು ಸೋರಿಕೆಗಾಗಿ ದೇವರಿಗೆ ಹರಕೆ ಹೊತ್ತರು. ಸೋರಲಿ ಎಂದು ಹರಕೆ ಹೊತ್ತ ಲಾರಿ ಯಜಮಾನರನ್ನು ನಾನು ಅದೇ ಮೊದಲು ನೋಡಿದ್ದು.

ಅಪ್ಪ ಲಾರಿ ಕೆಳಗೆ ಒಂದು ದೊಡ್ಡ ರಟ್ಟು ಹಾಸಿದರು. ಸೋರಿದರೆ ಬೆಳಗ್ಗೆ ಅದರ ಮೇಲೆ ಕಲೆ ಕಾಣಬೇಕು.

ಕಲೆ ಕಂಡಿತು. ಒಂದಲ್ಲ, ಸಾಲಾಗಿ ದುಂಡು ದುಂಡಾಗಿ. ಹೊಸಕೋಟೆಯವರ ಮುಖದಲ್ಲಿ ಮೊಮ್ಮಗು ಹುಟ್ಟಿದ ಕಳೆ. ರಟ್ಟನ್ನು ಎದೆಗೆ ಹಿಡಿದುಕೊಂಡು ಫೋಟೋ ತೆಗೆಸಿಕೊಂಡು ಊರಿಗೆ ಕಳಿಸಿದರು. "ಉರಿತಾ ಇಲ್ಲ, ಸೋರ್ತಾ ಐತೆ" ಎಂದು ಅಲ್ಲಿನ ಟೀ ಅಂಗಡಿಗೂ ಫೋನ್ ಹೋಯಿತು.

ಅಪ್ಪ ರಟ್ಟನ್ನು ಇಸಿದುಕೊಂಡು ಮೂಗಿನ ಹತ್ತಿರ ಹಿಡಿದರು. ಆಮೇಲೆ ನಮ್ಮ ಹೆಡ್ ಮೇಸ್ತ್ರಿಯ ಕಡೆ ತಿರುಗಿದರು. ಮೇಸ್ತ್ರಿ ಯಾವುದೋ ಟೈರನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸುತ್ತಿದ್ದರು.

"ನಿನ್ನೆ ಸಂಜೆ ಇದರ ಮೇಲೆ ಏನಿಟ್ಟಿದ್ದೆ?"

"ನಾನೇನಿಡ್ಲಿ ಯಜಮಾನ್ರೆ?"

"ಎಂಜಿನ್ ಆಯಿಲ್‌ಗೆ ಈರುಳ್ಳಿ ಹಾಕಲ್ಲ ಮಾರಾಯ."

ಮೇಸ್ತ್ರಿ ಟೈರಿನಿಂದ ತಲೆ ಎತ್ತದೆ ಹೇಳಿದರು: "ಬಜ್ಜಿ ಬಿಸಿ ಇತ್ತು, ಇಡಕ್ಕೆ ಬೇರೆ ಜಾಗ ಇರ್ಲಿಲ್ಲ. ಆದ್ರೂ ಒಂದ್ಮಾತು, ಅಂಗಡಿಯವನಿಗೆ ಆಯಿಲ್ ಲೀಕ್ ಐತೆ."

ಏರು

ಮುಂದಿನ ಪರೀಕ್ಷೆಗೆ ನನ್ನನ್ನು ಹೊರಡಿಸಿದರು. ಹೊಸಕೋಟೆಯವರು ಹಾನುಬಾಳು ರಸ್ತೆಯಲ್ಲಿ ಲಾರಿ ಓಡಿಸಬೇಕು. ನಾನು ಸ್ಕೂಟಿಯಲ್ಲಿ ಹಿಂದೆ ಹೋಗಿ ಹೊಗೆ ಯಾವಾಗ ಬರುತ್ತದೆ ಎಂದು ನೋಡಬೇಕು. ಏರಿನಲ್ಲಿ ಉದ್ದಕ್ಕೂ ಬಂದರೆ ರಿಂಗ್ ಸವೆದಿರಬಹುದು. ಇಳಿಜಾರು ಮುಗಿದು ಮತ್ತೆ ಒತ್ತಿದಾಗ ಬಂದರೆ ವಾಲ್ವ್ ಸೀಲ್ ಹೋಗಿರಬಹುದು. ಹೊಗೆ ಕುಡಿಯುವ ಕೆಲಸಕ್ಕೆ ಮನೆಯವರಿಗಿಂತ ನಂಬಿಕಸ್ಥರು ಎಲ್ಲಿ ಸಿಗಬೇಕು?

ಹೊಗೆ ಬಂದರೆ ಎಂಜಿನ್ ಬಿಚ್ಚುತ್ತಾರೆ ಎಂಬುದು ಹೊಸಕೋಟೆಯವರಿಗೂ ಗೊತ್ತಿತ್ತಲ್ಲ. ಹಾಗಾಗಿ ಆಕ್ಸಿಲೇಟರ್ ಮೇಲೆ ಕಾಲಿಟ್ಟರೋ ಇಲ್ಲವೋ ಎಂಬ ಹಾಗೆ ಏರು ಹತ್ತಿಸಿದರು. ಹುಲ್ಲಿನ ಹೊರೆ ಹೊತ್ತ ಒಬ್ಬ ಅಜ್ಜಿ ಲಾರಿಯನ್ನು ದಾಟಿ ಮುಂದೆ ಹೋದರು. ಹೋಗುವಾಗ "ಕೆಟ್ಟೋಗೈತಾ ಮಗಾ" ಎಂದು ಡ್ರೈವರನ್ನು ವಿಚಾರಿಸಿಕೊಂಡರು.

ಫೋನಿನಲ್ಲಿ ಅಪ್ಪ, "ಜೋರಾಗಿ ತುಳಿಯೋಕೆ ಹೇಳು" ಎಂದರು. ನಾನು ಗಟ್ಟಿಯಾಗಿ ಕೂಗುವವಳಲ್ಲ, ಹಾರ್ನ್ ಹೊಡೆದೆ. ಹೊಸಕೋಟೆಯವರು ಕೈ ಹೊರಗೆ ಹಾಕಿ ನನಗೆ ಸೈಡ್ ಕೊಟ್ಟರು.

ಕೊನೆಗೆ ಹಿಂದಿನಿಂದ ಒಂದು ಬಸ್ ಬಂದು ಬಾರಿಸಿದ ಹಾರ್ನಿಗೆ ಹೆದರಿ ತುಳಿದರು. ರಸ್ತೆ ಮಾಯವಾಯಿತು. ಹೊಗೆ ತೆಳುವಾದಾಗ ನೋಡಿದರೆ, ತಿರುವಿನಲ್ಲಿ ಕಾರು ನಿಲ್ಲಿಸಿದ್ದ ಬೆಂಗಳೂರಿನ ನಾಲ್ಕೈದು ಜನ ಅದರೊಳಗೆ ಕೈ ಚಾಚಿ ಸುತ್ತುತ್ತಾ ರೀಲ್ಸ್ ಮಾಡುತ್ತಿದ್ದಾರೆ. ಅವರಲ್ಲೊಬ್ಬಳು ನನ್ನನ್ನು ಕೇಳಿದಳು: "ಇಲ್ಲಿ ಯಾವಾಗಲೂ ಇಷ್ಟು ಮಂಜಿರುತ್ತಾ?"

"ಇಲ್ಲ," ಎಂದೆ, "ಈ ಲಾರಿ ಬಂದಾಗ ಮಾತ್ರ."

ಗ್ಯಾರೇಜಿಗೆ ವಾಪಸು ಬಂದ ಹೊಸಕೋಟೆಯವರು ನನ್ನಿಂದ ಇದನ್ನು ಕೇಳಿ ಅಪ್ಪನಿಗೆ ಒಪ್ಪಿಸಿದ ವರದಿ ಇಷ್ಟೇ: "ಪುಟ್ಟಿನೇ ಕೇಳಣ್ಣ. ಬೆಂಗಳೂರಿನ ಓದಿದ ಜನವೇ ಅದನ್ನ ಮಂಜು ಅಂದ್ರು."

ಹೆರಿಗೆ

ಮಾರನೆಯ ದಿನ ಅಪ್ಪ ನಾಝಲ್ ಬಿಚ್ಚಿ ಎಲ್ಲಾ ಸಿಲಿಂಡರುಗಳ ಕಂಪ್ರೆಶನ್, ಅಂದರೆ ಒಳಗಿನ ಒತ್ತಡ, ನೋಡಿದರು. ಏಳು ಲಕ್ಷ ಕಿಲೋಮೀಟರಿಗೆ ಇರಬೇಕಾದ್ದಕ್ಕಿಂತ ಚೆನ್ನಾಗಿತ್ತು. ರಿಂಗ್ ಹೋಗಿಲ್ಲ. ವಾಲ್ವ್ ಸೀಲನ್ನೂ ಟರ್ಬೊ ಪೈಪನ್ನೂ ನೋಡಿದರು, ಅಲ್ಲೂ ತಪ್ಪಿಲ್ಲ. ಯಾವ ತಪ್ಪೂ ಸಿಗದಿದ್ದಾಗ ಅಪ್ಪನ ಮುಖ ನೋಡಲಾಗುವುದಿಲ್ಲ, ಗಾಡಿ ತಮಗೆ ಅವಮಾನ ಮಾಡಿತು ಎಂಬಂತಿರುತ್ತದೆ. ಕೊನೆಗೆ ಆಯಿಲ್ ಎಷ್ಟಿದೆ ಎಂದು ನೋಡುವ ಗೇಜ್ ಕಡ್ಡಿ ಎಳೆದು, "ಮತ್ತೆ ಕಡಿಮೆ ಆಗೈತೆ, ಹಾಕು" ಎಂದು ತಾವೇ ಮುಂದೆ ನಿಂತು ಸುರಿಸಿ ಕಳಿಸಿದರು.

ಎರಡು ದಿನ ಬಿಟ್ಟು ಆಲೂರಿನ ವೇ ಬ್ರಿಡ್ಜಿನಿಂದ ಹೊಸಕೋಟೆಯವರ ಫೋನ್. ತೂಕಕ್ಕೆ ನಿಂತಿದ್ದಾಗ ಸುಮ್ಮನೆ ಕಡ್ಡಿ ಎಳೆದು ನೋಡಿದರಂತೆ.

"ಅಣ್ಣ, ಆಯಿಲ್ ಗುರುತು ದಾಟಿ ಮೇಲಕ್ಕೆ ಬಂದ್ಬುಟ್ಟೈತೆ. ಕುಡಿಯೋದು ಬುಟ್ಟು ಈಗ ಹೆರ್ತಾ ಐತೆ."

ಅಪ್ಪನ ಮುಖದ ಬಣ್ಣ ಇಳಿಯಿತು. ಡೀಸೆಲ್ ಸೋರಿ ಆಯಿಲಿಗೆ ಸೇರುತ್ತಿದ್ದರೆ ಹೀಗಾಗುತ್ತದಂತೆ, ಹಾಗೇ ನಾಲ್ಕು ದಿನ ಓಡಿಸಿದರೆ ಎಂಜಿನ್ ಪೂರ್ತಿ ಹಾಳು. "ಎಲ್ಲೂ ನಿಲ್ಲಿಸದೆ ಇಲ್ಲಿಗೆ ತಗೊಂಬಾ. ಬಿಚ್ಚಲೇಬೇಕು."

ಲಾರಿ ಬಂತು. ಅಪ್ಪ ಕಡ್ಡಿ ಎಳೆದರು. ಆಯಿಲ್ ಕಡಿಮೆ.

"ಹೆತ್ತಿದ್ದು ಎಲ್ಲಿ ಮಾರಾಯ?"

"ದೇವರಾಣೆಗೂ ಇತ್ತು ಕಣಣ್ಣ."

"ಆಲೂರಿಂದ ಇಲ್ಲಿಗೆ ಬರೋದ್ರೊಳಗೆ ಅಷ್ಟೂ ಕುಡೀತಾ? ನೀನು ಕುಡಿದಿದ್ದೀಯ."

"ನಾನು ಸುಳ್ಳು ಹೇಳೋನಾ? ನಿಂಗೆ ಕಡ್ಡಿ ನೋಡಕ್ಕೆ ಬರಲ್ಲ ಅನ್ನು."

ಇಪ್ಪತ್ತು ವರ್ಷದ ಸ್ನೇಹ ಒಂದು ಕಡ್ಡಿಯ ಮೇಲೆ ಮುರಿಯುವುದರಲ್ಲಿತ್ತು. ಮೇಸ್ತ್ರಿ ಎಂಜಿನ್ ಬಿಚ್ಚಲು ಸ್ಪ್ಯಾನರ್‌ಗಳನ್ನು ಜೋಡಿಸುತ್ತಿದ್ದರು. ಅವರ ಕೈಯಿಂದ ಒಂದು ಬೇರಿಂಗ್ ಗುಂಡು ಜಾರಿ ಬಿದ್ದು, ಲಾರಿಯ ಮೂತಿಯಿಂದ ಬಾಲದವರೆಗೆ ಉರುಳಿ ಹಿಂದಿನ ಚರಂಡಿ ಸೇರಿತು. ನಮ್ಮಲ್ಲಿ ಬಿದ್ದದ್ದೆಲ್ಲ ಆ ಚರಂಡಿಯಲ್ಲೇ ಸಿಗುವುದು, ಯಾರೂ ಬೇರೆ ಕಡೆ ಹುಡುಕುವುದೂ ಇಲ್ಲ.

ನಾನು ಕೌಂಟರಿನಿಂದ ಎದ್ದು ಬಂದು ಇನ್ನೊಂದು ಗುಂಡನ್ನು ಇಬ್ಬರ ಕಾಲುಗಳ ನಡುವೆ ಬಿಟ್ಟೆ. ಅದೂ ಉರುಳಿತು. ಇಬ್ಬರೂ ಮಾತು ನಿಲ್ಲಿಸಿ ಅದು ಹೋಗುವುದನ್ನು ನೋಡಿದರು.

ವಿಷಯ ಇಷ್ಟೇ. ನಮ್ಮ ಕಡೆ ರಸ್ತೆಯಿಂದ ಕೆಳಗಿರುವ ಅಂಗಳಕ್ಕೆ ಎಲ್ಲರೂ ಲಾರಿಯನ್ನು ಹಿಮ್ಮುಖವಾಗಿಯೇ ಇಳಿಸುತ್ತಾರೆ, ಬೆಳಗ್ಗೆ ನೇರ ಹೊರಡಲು ಸುಲಭ. ಹೊಸಕೋಟೆಯವರ ಮನೆಯಲ್ಲೂ ಹಾಗೆ, ನಮ್ಮ ಗ್ಯಾರೇಜಿನಲ್ಲೂ ಹಾಗೆ. ಲಾರಿಯ ಮೂತಿ ಮೇಲೆ, ಬಾಲ ಕೆಳಗೆ. ಆಯಿಲೆಲ್ಲ ಎಂಜಿನ್ನಿನ ಹಿಂಭಾಗಕ್ಕೆ ಹರಿದು, ಮುಂಭಾಗದ ಕಡ್ಡಿಗೆ ಅಂಟುವುದೇ ಇಲ್ಲ. ಕಡಿಮೆಯಾಗಿದೆ ಎಂದು ಹೊಸಕೋಟೆಯವರು ಮನೆಯಲ್ಲಿ ದಿನಾ ಬೆಳಗ್ಗೆ ಸುರಿದರು, ಇಲ್ಲಿಗೆ ಬಂದಾಗ ಅಪ್ಪನೂ ಸುರಿಸಿದರು. ಆಲೂರಿನ ವೇ ಬ್ರಿಡ್ಜ್ ಮಾತ್ರ ಮಟ್ಟಸ, ಅಲ್ಲಿ ಕಡ್ಡಿ ನಿಜ ಹೇಳಿತು. ಹೊಟ್ಟೆ ತುಂಬಿದ ಎಂಜಿನ್ ಹೆಚ್ಚಾದದ್ದನ್ನು ಸುಟ್ಟು ಹೊಗೆ ಬಿಟ್ಟಿತು. ಪಾಪದ್ದು, ಅದು ಕುಡಿದದ್ದಲ್ಲ, ಇವರಿಬ್ಬರೂ ಮೂಗು ಹಿಡಿದು ಕುಡಿಸಿದ್ದು.

ಕಾಯಿಲೆ

ಮಟ್ಟಸವಾದ ನೆಲ ಹುಡುಕಿ, ಮತ್ತೆ ಆಲೂರಿನ ವೇ ಬ್ರಿಡ್ಜಿಗೇ ಹೋಗಿ ಹೆಚ್ಚಿನ ಆಯಿಲ್ ಇಳಿಸಿದರು. ಹೊಗೆ ನಿಂತಿತು. ಎಂಜಿನ್ ಬಿಚ್ಚಲಿಲ್ಲ, ಕುಯ್ಲಿನ ಬಾಡಿಗೆ ಉಳಿಯಿತು. ಇನ್ನು ಹೊಸಕೋಟೆಯವರು ಕುಣಿಯಬೇಕು ಎಂದುಕೊಂಡೆ. ಅವರು ಬಂದು ಬೆಂಚಿನ ಮೇಲೆ ಸಾವಿನ ಮನೆಯಲ್ಲಿ ಕೂತ ಹಾಗೆ ಕೂತರು.

"ಅಣ್ಣ, ಎಂಜಿನ್ ಒಸಿ ಬಿಚ್ಚು."

"ಯಾಕೆ? ಸರಿ ಹೋಯ್ತಲ್ಲ."

"ಸರಿ ಹೋಗಿದ್ದೇ ಕಷ್ಟ ಆಗೈತೆ. ಟೀ ಅಂಗಡಿಲಿ ಇಡೀ ಊರು ಕಾಯ್ತಾ ಐತೆ ಏನಾಗಿತ್ತು ಅಂತ. ಒಬ್ಬ ರಿಂಗ್ ಅಂದ, ಒಬ್ಬ ಟರ್ಬೊ ಅಂದ, ಪೂಜಾರಪ್ಪ ದೃಷ್ಟಿ ಅಂದು ನಿಂಬೆಹಣ್ಣು ಕಟ್ಟವ್ನೆ. ನಾನೀಗ ಹೋಗಿ, ಜಾಸ್ತಿ ಹುಯ್ದುಬುಟ್ಟಿದ್ದೆ ಅನ್ನಲಾ? ರೈಟರ್ ಕಿವಿಗೆ ಬಿದ್ರೆ, ಕಡ್ಡಿ ನೋಡಕ್ಕೆ ಬರ್ದೋನಿಗೆ ಎಸ್ಟೇಟ್ ಕಾಫಿ ಕೊಡ್ತಾನಾ?"

ಕೊನೆಯ ಸಲ ಸುರಿಸಿದವರು ಯಾರು ಎಂಬುದು ಊರಿಗೆ ಗೊತ್ತಾದರೆ ಗ್ಯಾರೇಜಿಗೆ ಬರುವವರು ಯಾರು ಎಂಬ ಪ್ರಶ್ನೆ ಅಪ್ಪನ ಮುಖದ ಮೇಲೂ ಕಾಣಿಸಿತು.

ಹೊಸಕೋಟೆಯವರು ಎದ್ದು ಕೌಂಟರಿಗೆ ಬಂದರು. ಇಷ್ಟು ದಿನ ನನ್ನನ್ನು ಕುರ್ಚಿಯಂತೆ ಕಂಡವರು ಮೊದಲ ಸಲ ಟವೆಲ್ ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದು ನಿಂತರು. ಅವರ ಹಿಂದೆ ಅಪ್ಪ. ಅಪ್ಪನ ಹಿಂದೆ ಮೇಸ್ತ್ರಿ.

"ಪುಟ್ಟಿ," ಎಂದರು, "ನೀನು ಇಂಗ್ಲಿಷ್‌ನಲ್ಲಿ ಓದ್ದೋಳು. ಕೇಳಿದೋರು ಎರಡನೇ ಪ್ರಶ್ನೆ ಕೇಳಬಾರ್ದು, ಅಂಥದ್ದು ಒಂದು ದೊಡ್ಡ ಕಾಯಿಲೆ ಹೆಸರು ಹೇಳವ್ವ. ನಿಮ್ಮಪ್ಪನೂ ಅದನ್ನೇ ಹೇಳ್ಲಿ."

ಇಲ್ಲ ಎನ್ನುತ್ತಾರೇನೋ ಎಂದು ಅಪ್ಪನ ಮುಖ ನೋಡಿದೆ. ಅಪ್ಪ ಒಂದು ಹೆಜ್ಜೆ ಮುಂದೆ ಬಂದು, ದನಿ ತಗ್ಗಿಸಿ, "ನಾಲಿಗೆಗೆ ಸುಲಭವಾಗಿ ಹತ್ತೋದು ಇರ್ಲಿ, ಮೇಸ್ತ್ರಿಗೂ ಬರಬೇಕು" ಎಂದರು. ಮೂವರೂ ನನ್ನ ಬಾಯಿಯನ್ನೇ ನೋಡುತ್ತಾ ನಿಂತರು.