ಎರಡು ಮೀಟರ್ ತೆರೆ

ಗಜೇಂದ್ರಗಡದಲ್ಲಿ ನನ್ನದೊಂದು ಬಟ್ಟೆ ಅಂಗಡಿ ಇದೆ. ಇಷ್ಟು ವರ್ಷ ಅರಿವೆ ಅಳೆದ ಕೈಗೆ ಸಮುದ್ರ ಅಳೆಯುವುದು ಯಾವ ಮಹಾ ಕೆಲಸ ಎಂದುಕೊಂಡಿದ್ದೆ. ಅಲ್ಲೇ ಎಡವಿದೆ!

ಮಗಳು ಸುಮಾಳ ಲಗ್ನ ಅಬ್ಬಿಗೇರಿಯ ಮನೆತನಕ್ಕೆ ಗೊತ್ತಾಗಿತ್ತು. ಜವಳಿ ತೆಗೆಯುವ ಮೊದಲು ಎರಡೂ ಮನೆಯವರು ಕೂಡಿ ಕಡಲ ದಂಡೆಯ ದೇವರಿಗೆ ಹೊರಟೆವು. ಬೀಗರದು ಮಾತು ಕಡಿಮೆ, ತಲೆಗೆ ಸುತ್ತಿದ ರುಮಾಲು ದೊಡ್ಡದು. ಅವರೆದುರು ನನ್ನ ತೂಕ ತೋರಿಸಬೇಕೆಂಬ ಚಪಲ ನನಗೆ.

"ಅಪ್ಪಾ, ಅವರ ಮುಂದ ನಿನ್ನ ಶಾಣ್ಯಾತನ ತೋರಸಬ್ಯಾಡ. ನಾಳೆ ಆ ಮನ್ಯಾಗ ಬಾಳೇ ಮಾಡಾಕಿ ನಾನು," ಎಂದು ಟೆಂಪೋ ಹತ್ತುವಾಗಲೇ ಮಗಳು ಕೈ ಮುಗಿದಿದ್ದಳು. ನಾನು ನಕ್ಕುಬಿಟ್ಟೆ.

ದರ್ಶನ ಮುಗಿಸಿ ಬುತ್ತಿ ಬಿಚ್ಚಲು ಹತ್ತಿರದ ದಂಡೆಗೆ ಹೋದೆವು. ದೊಡ್ಡ ತೆರೆಗಳಿಗೆ ಹೆಸರಾದ ಜಾಗ. ಹಲಗೆಯ ಮೇಲೆ ನಿಂತು ತೆರೆಯ ಸವಾರಿ ಮಾಡುವವರು ಎಲ್ಲೆಲ್ಲಿಂದಲೋ ಬರುತ್ತಾರೆ. ನೀರಿನ ಆರ್ಭಟ ನೋಡಿ ಬೀಗತಿ ಅಂಜಿದರು. ನಾನು ಮೊಬೈಲ್ ತೆಗೆದು ಅಂದಿನ ಕಡಲ ವರದಿಯನ್ನು ಗಟ್ಟಿಯಾಗಿ ಓದಿದೆ: "ತೆರೆ ಎರಡು ಮೀಟರ್."

"ಅಷ್ಟಽ ಏನ್ರಿ?" ಎಂದರು ಬೀಗರು.

"ಅಷ್ಟಽ ನೋಡ್ರಿ! ಒಂದು ಪಾಯಿಜಾಮದ ಅರಿವಿ!"

ಹಸಿ ಮರಳಿನ ಅಂಚಿನಿಂದ ಈಚೆಗೆ ಕೈ ಚಾಚಿ ಎರಡು ಮೀಟರ್ ಅಳೆದೆ. ಗಿರಾಕಿಗೆ ಬಿಡುವ ಹಾಗೆ ಒಂದು ಗೇಣು ಹೆಚ್ಚಿಗೆ ಬಿಟ್ಟು ಜಮಖಾನೆ ಹಾಸಿ, ಬೀಗರನ್ನು ಗೌರವದಿಂದ ಸಮುದ್ರದ ಕಡೆಗೇ ಕೂಡಿಸಿದೆ. ದಂಡೆಯ ಕಾವಲಿನವನೊಬ್ಬ ದೂರದಿಂದ ಸೀಟಿ ಊದಿ ಕೂಗಿದ.

"ಏನೋ ಅನ್ನಾಕತ್ತಾನ, ಕೇಳ್ರಿ," ಎಂದಳು ಹೆಂಡತಿ.

"ನಾ ಅಳತಿ ಹಾಕೀನಿ, ನೀ ರೊಟ್ಟಿ ಹಾಕು!" ಎಂದೆ.

ತೆರೆ ಎದ್ದು ನಿಂತಾಗ ಅದು ನನಗಿಂತ ಎತ್ತರವಿತ್ತು. ಎರಡು ಮೀಟರ್ ಎಂದರೆ ಎತ್ತರ ಎಂಬುದು ಆಗ ಹೊಳೆಯಿತು. ಹೊಳೆದು ಏನು ಪ್ರಯೋಜನ? ಸಜ್ಜೆ ರೊಟ್ಟಿ ಹೋಯಿತು. ಎಣ್ಣೆಗಾಯಿ ಹೋಯಿತು. ಬೀಗರ ರುಮಾಲೂ ಹೋಯಿತು!

ರುಮಾಲು ಎಂದರೆ ಮನೆತನದ ಮರ್ಯಾದೆ. ಮಗಳ ಮುಖ ನೋಡಲಾಗದೆ ನೀರಿಗೆ ಓಡಿ ಅದನ್ನು ಹಿಡಿದೆ. ಹಿಡಿದೆನೆಂದು ಕೈ ಎತ್ತುವುದರೊಳಗೆ ಎರಡನೆಯ ತೆರೆ ಬಂದು ನನ್ನ ಧೋತರವನ್ನು ಸಾಂಗವಾಗಿ ಕಳಚಿಕೊಂಡು ಹೋಯಿತು. ಭಾವೀ ಬೀಗರ ಸಮಸ್ತ ಪರಿವಾರದೆದುರು ನಾನು ಪಟ್ಟಾಪಟ್ಟಿ ಚಡ್ಡಿಯಲ್ಲಿ ನಿಂತಿದ್ದೆ! ಬೀಗತಿ ಸೆರಗು ಮುಖಕ್ಕೆ ಹಿಡಿದುಕೊಂಡರು.

"ಎಂತ ಮಾರಾಯ್ರೆ, ಆಗಿಂದ ಕೂಗ್ತಾ ಇದ್ದೇನೆ!" ಎಂದು ಕಾವಲಿನವನು ಓಡಿ ಬಂದ.

ಬೀಗರು ತೊಯ್ದ ಬರೀ ತಲೆಯಲ್ಲಿ ನನ್ನನ್ನೊಮ್ಮೆ ನೋಡಿ ಮೆಲ್ಲಗೆ ಹೇಳಿದರು: "ಇರಲಿ ಬಿಡ್ರಿ. ಅದನ್ನಽ ಸುತ್ಕೋರಿ."

ಸುತ್ತಿಕೊಂಡೆ. ಬೀಗರ ತಲೆಯ ಮೇಲಿನದನ್ನು ಸೊಂಟಕ್ಕೆ! ಭೂಮಿ ಬಾಯಿ ಬಿಟ್ಟಿದ್ದರೆ ಹೊಕ್ಕುಬಿಡುತ್ತಿದ್ದೆ. ಮರಳುವಾಗ ಟೆಂಪೋದಲ್ಲಿ ಎಲ್ಲರಿಗಿಂತ ಹಿಂದಿನ ಸೀಟಿಗೆ ಹೋಗಿ ಕೂತೆ. ಮಗಳು ಕಿಟಕಿಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡಳು. ಸಂಬಂಧ ಮುರಿಯಿತು ಎಂದೇ ನಾನು ಒಳಗೊಳಗೆ ಸಾಯುತ್ತಿದ್ದೆ.

ಮುರಿಯಲಿಲ್ಲ. ಮುಂದಿನ ವಾರ ಜವಳಿ ತೆಗೆಯಲು ಬೀಗರು ನಮ್ಮ ಅಂಗಡಿಗೇ ಬಂದರು. ಜೀವ ಬಂದಂತಾಗಿ, ಬಟ್ಟೆಯ ಸುರುಳಿ ಬಿಚ್ಚಿ ಮೀಟರ್ ಕೋಲು ಎತ್ತಿದೆ. ಇಷ್ಟು ದಿನ ಮಾತಿಗೇ ಸಿಗದ ಬೀಗತಿ ಆಗ ಬಾಯಿ ಬಿಟ್ಟರು:

"ನೀವು ಕುಂದರ್ರಿ ಬೀಗ್ರ. ನಮ್ಮ ಸೊಸಿ ಅಳೀತಾಳ."

ಮಗಳು ನಗುತ್ತ ಬಂದು ನನ್ನ ಕೈಯಿಂದ ಕೋಲು ತೆಗೆದುಕೊಂಡಳು. ನಾನು ಚಹಾ ತರಲು ಹೋದೆ.