ಬೋರಲು ಪಾತ್ರೆಗಳನ್ನು ತುಂಬಿದ ಹೊಟ್ಟೆಗಳೆಂದು ಎಣಿಸಿದ ಅಧಿಕಾರಿಗಳಿಗೆ

ಪರಮಮಾನ್ಯರೂ, ಸಮನ್ವಯಕಲೆಯಲ್ಲಿ ಅಗ್ರಗಣ್ಯರೂ, ನೆರೆ ಬಂದಂದಿನಿಂದ ಒಂದು ಹೊತ್ತೂ ಊಟ ತಪ್ಪಿಸದೆ ನಮ್ಮ ಹಸಿವಿನ ಬಗ್ಗೆ ಚಿಂತಿಸುತ್ತಿರುವವರೂ ಆದ ತುರ್ತು ಆಹಾರ ಪೂರೈಕೆಯ ಸಮನ್ವಯಾಧಿಕಾರಿಗಳ ಸನ್ನಿಧಾನಕ್ಕೆ, ಕುಸಿದ ಸೇತುವೆಯ ಈಚೆ ದಡದಲ್ಲಿ ಸಿಕ್ಕಿಕೊಂಡಿರುವ ನಮ್ಮ ಬೀದಿಯ ಸಮಸ್ತರ ನಮಸ್ಕಾರಗಳು. ಮಾನ್ಯರೇ, ‘ನಾವೆಲ್ಲ ಇಲ್ಲಿ ಕ್ಷೇಮ’ ಎಂದು ಆರಂಭಿಸುವುದು ಪತ್ರದ ಮರ್ಯಾದೆ. ಆದರೆ ನಮಗಿಂತ ಮೊದಲೇ ತಾವು ಅದನ್ನು ತಮ್ಮ ವರದಿಯಲ್ಲಿ ಬರೆದುಬಿಟ್ಟಿರುವುದರಿಂದ, ಮತ್ತೆ ಬರೆದು ಶಾಯಿ ವ್ಯರ್ಥ ಮಾಡುವುದಿಲ್ಲ.

ತಮ್ಮ ನೆನಪಿನ ಮೇಲೆ ನೂರೆಂಟು ಸಭೆಗಳ ಭಾರವಿರುವುದರಿಂದ ಹಿಂದಿನದನ್ನು ಚುಟುಕಾಗಿ ಅರಿಕೆ ಮಾಡುತ್ತೇನೆ. ನದಿಯು ಸೇತುವೆಯನ್ನು ತನ್ನ ಜೊತೆಗೇ ಕರೆದುಕೊಂಡು ಹೋಗಿ ಅಂಗಡಿಗಳ ಕಪಾಟೆಲ್ಲ ಬರಿದಾದಾಗ, ಗುಡ್ಡ ಸುತ್ತಿಬರುವ ಲಾರಿಯ ಅಕ್ಕಿ ಬೇಳೆ ಸರ್ಕಾರದ್ದು, ಬೇಯಿಸುವ ಕೈ ಬೀದಿಯದ್ದು ಎಂದು ಮಾತಾಯಿತು. ಸೈಕಲ್ ರಿಪೇರಿ ಅಂಗಡಿಯೇ ಅಡುಗೆಮನೆಯಾಯಿತು. ಹಿಟ್ಟು ಸಿಗದೆ ಬೇಕರಿ ಮುಚ್ಚಿ ಕೈ ಹಿಸುಕಿಕೊಳ್ಳುತ್ತಿದ್ದ, ಬೀದಿಗೆಲ್ಲ ಬ್ರೆಡ್ ಮಾವ ಎನಿಸಿಕೊಂಡವರು ಸೌಟು ಹಿಡಿದರು. ಹಸಿದಿದ್ದರೂ ಕೇಳಲು ಬಾಯಿ ಬಾರದವರು ಪ್ರತಿ ಬೀದಿಯಲ್ಲೂ ಇರುತ್ತಾರಷ್ಟೆ. ಅವರಿಗಾಗಿ ಒಂದು ಏರ್ಪಾಡು ಮಾಡಿಕೊಂಡೆವು. ಬೆಳಗ್ಗೆ ಪ್ರತಿ ಮನೆಯವರೂ ಬಾಗಿಲ ಮುಂದೆ ಒಂದು ಪಾತ್ರೆ ಇಡತಕ್ಕದ್ದು. ಪಾತ್ರೆಯ ಬಾಯಿ ಮೇಲಿದ್ದರೆ ಆ ಮನೆಗೆ ಊಟ ಬೇಕು, ಬೋರಲಾಗಿದ್ದರೆ ಇವತ್ತಿಗೆ ಬೇಡ. ಯಾರೂ ಯಾರನ್ನೂ ಕೇಳುವಂತಿಲ್ಲ, ಯಾರೂ ಯಾರಿಗೂ ಹೇಳುವಂತಿಲ್ಲ. ಮನುಷ್ಯರ ಬಾಯಿಗೆ ಕಷ್ಟವಾದ ಮಾತನ್ನು ಪಾತ್ರೆಯ ಬಾಯಿಗೆ ವಹಿಸಿದ್ದೆವು. ಅದು ಚೆನ್ನಾಗಿಯೇ ಹೇಳುತ್ತಿತ್ತು.

ಇಷ್ಟು ಸರಾಗವಾಗಿ ನಡೆಯುತ್ತಿರುವ ಸಂಗತಿಗೆ ಸಹಕಾರ ನೀಡದೆ ಬಿಡುವುದು ಸರ್ಕಾರಕ್ಕೆ ಶೋಭೆಯಲ್ಲವೆಂದು ತಾವು ಸಪರಿವಾರ ದಯಮಾಡಿಸಿದಿರಿ. ಆಹಾರ ತರುತ್ತಾರೆಂದು ಕಾದಿದ್ದ ನಾವು ಹಾರ ತರಲು ಓಡಬೇಕಾಯಿತು. ನಮ್ಮ ಪಾತ್ರೆಯ ಏರ್ಪಾಡನ್ನು ಕೇಳಿ ತಾವು ಕಣ್ಣರಳಿಸಿದಿರಿ, ಇದು ಜನ ಮತ್ತು ಸರ್ಕಾರ ಕೈಜೋಡಿಸಿದ್ದಕ್ಕೆ ಮಾದರಿ ಎಂದಿರಿ, ಇನ್ನು ಮುಂದೆ ತಮ್ಮ ಸಮೀಕ್ಷಕರೂ ಪಾತ್ರೆ ನೋಡಿಯೇ ಲಾರಿ ಕಳಿಸಬೇಕೆಂದು ಅಲ್ಲಿಯೇ ಅಪ್ಪಣೆ ಕೊಟ್ಟಿರಿ. ನಾವು ಚಪ್ಪಾಳೆ ತಟ್ಟಿದೆವು. ಕಾರು ಹತ್ತುವ ಮುನ್ನ ಒಂದು ಪಾತ್ರೆಯಲ್ಲಿ ನಿಂತಿದ್ದ ಮಳೆನೀರು ತಮ್ಮ ಸೂಕ್ಷ್ಮದೃಷ್ಟಿಗೆ ಬಿತ್ತು. ನಿಂತ ನೀರು ಸೊಳ್ಳೆಗಳ ತೊಟ್ಟಿಲು, ನೆರೆಯ ಬೆನ್ನಿಗೇ ಜ್ವರ ಬರುತ್ತದೆ, ಆದ್ದರಿಂದ ಹೊರಗಿಟ್ಟ ಪಾತ್ರೆಗಳೆಲ್ಲ ಈ ಕ್ಷಣದಿಂದ ಬೋರಲಾಗಿರಬೇಕೆಂದು ಮೈಕಿನಲ್ಲಿ ಸಾರಿದಿರಿ. ಹಾಗಾದರೆ ಊಟದ ಲೆಕ್ಕ ಹೇಗೆ ಸ್ವಾಮಿ ಎಂದು ಬ್ರೆಡ್ ಮಾವ ತಗ್ಗಿದ ದನಿಯಲ್ಲಿ ವಿಚಾರಿಸಿದಾಗ, ಆರೋಗ್ಯದ ವಿಷಯದಲ್ಲಿ ರಾಜಿಯಿಲ್ಲವೆಂದು ಅವರ ಬೆನ್ನು ತಟ್ಟಿದಿರಿ. ಆ ಬೆನ್ನು ಇನ್ನೂ ಅರ್ಥಕ್ಕಾಗಿ ಕಾಯುತ್ತಿದೆ.

ಮರುದಿನ ಸಮೀಕ್ಷಕರು ಬಂದರು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಬೋರಲು ಪಾತ್ರೆಗಳು ಕವಾಯತಿಗೆ ನಿಂತಂತಿದ್ದವು. ಯಾರಿಗೂ ಊಟ ಬೇಡ ಎಂದು ಬರೆದುಕೊಂಡು ಹೊರಟರು. ಲಾರಿ ಬರುವುದು ನಿಂತಿತು. ಮಾನ್ಯರೇ, ಜಗತ್ತಿನ ಯಾವ ರಾಜ್ಯವೂ ಒಂದು ಅಗುಳೂ ಖರ್ಚು ಮಾಡದೆ ಇಡೀ ಬೀದಿಯ ಹಸಿವನ್ನು ಒಂದೇ ಹಗಲಿನಲ್ಲಿ ನೀಗಿದ ಉದಾಹರಣೆಯಿಲ್ಲ. ಪಾತ್ರೆ ಬೋರಲು ಹಾಕಿಸಿದ್ದೂ ತಾವೇ, ಬೋರಲು ಬಿದ್ದ ಪಾತ್ರೆ ನೋಡಿ ಹೊಟ್ಟೆ ತುಂಬಿದೆ ಎಂದದ್ದೂ ತಾವೇ. ಎರಡು ಇಲಾಖೆಗಳ ನಡುವೆ ಸಮನ್ವಯವಿಲ್ಲವೆಂದು ದೂರುವವರು ಒಬ್ಬರೇ ಅಧಿಕಾರಿಯೊಳಗೂ ಇಲ್ಲದ ಸಮನ್ವಯವನ್ನು ಬಂದು ನೋಡಿ ಕಣ್ಣು ತುಂಬಿಸಿಕೊಳ್ಳಬೇಕು.

ಈ ಸಾಧನೆಯಲ್ಲಿ ಪಾಲುದಾರರಾದ ಒಬ್ಬರನ್ನು ತಮಗೆ ಪರಿಚಯಿಸದಿದ್ದರೆ ಕೃತಘ್ನತೆಯಾದೀತು. ನನ್ನ ಮನೆಗೂ ಅವರ ಮನೆಗೂ ಗೋಡೆ ಒಂದೇ. ಹೊಲಿಗೆ ಯಂತ್ರ ತುಳಿದು ಹಾಸಿಗೆ ಹಿಡಿದ ಅತ್ತೆಯನ್ನು ಸಾಕುವ ಅವರನ್ನು ನಾವು ಟೈಲರಕ್ಕ ಎನ್ನುತ್ತೇವೆ. ಉಪ್ಪು ಸಾಲ ಕೇಳುವುದಕ್ಕೂ ಸಂಕೋಚಪಡುವ ಹೆಣ್ಣುಮಗಳು. ಅಪ್ಪಣೆಯೆಂದರೆ ಅಪ್ಪಣೆ ಎಂದು ತಮ್ಮ ಮಾತು ಮುಗಿಯುವ ಮೊದಲೇ ಪಾತ್ರೆ ಬೋರಲು ಹಾಕಿದವರೂ ಅವರೇ. ಲಾರಿ ನಿಂತ ಮೇಲೆ ಉಳಿದ ಅಕ್ಕಿಯನ್ನು ಅಷ್ಟಷ್ಟೇ ಹಂಚಿ ದಿನ ದೂಡುತ್ತಾ ಬ್ರೆಡ್ ಮಾವ ಬಾಗಿಲು ಬಾಗಿಲಿಗೆ ಹೋಗಿ ವಿಚಾರಿಸಿದರೆ, ಈಕೆ ನಮ್ಮದಾಯಿತು, ಬೇರೆಯವರಿಗೆ ಕೊಡಿ ಎಂದರು. ಏನಡುಗೆ ಎಂದದ್ದಕ್ಕೆ ನಿನ್ನೆಯದೇ ಎಂದರು. ನಿನ್ನೆ ಏನಿತ್ತು ಎಂದದ್ದಕ್ಕೆ ಮೊನ್ನೆಯದು ಎಂದು ನಕ್ಕರು. ಮಧ್ಯಾಹ್ನವಾದರೆ ಗೋಡೆಯಾಚೆ ಸೌಟು ಪಾತ್ರೆಗೆ ತಾಗುವ ಸದ್ದು ನನಗೂ ಕೇಳುತ್ತಿತ್ತು. ಕೊನೆಗೊಂದು ದಿನ ಕಿವಿ ಮಂದವಾಗಿ ದನಿ ಮಾತ್ರ ಜೋರಾಗಿರುವ ಅವರ ಅತ್ತೆ, “ಬರೀ ಸೌಟು ಆಡಿಸ್ತೀಯಲ್ಲೇ, ಬಡಿಸೋದು ಯಾವಾಗ?” ಎಂದು ಕೇಳಿದ್ದು ಗೋಡೆ ದಾಟಿ ಬಂತು. ಬರಿಯ ಪಾತ್ರೆ, ಬರಿಯ ಸೌಟು. ನೆರೆಯವರಾದ ನಮ್ಮ ಸಮಾಧಾನಕ್ಕಾಗಿ ಆಕೆ ಅಡುಗೆಯ ಸದ್ದನ್ನು ಬೇಯಿಸುತ್ತಿದ್ದರು.

ಅಂದೇ ನಾವು, ಟೈಲರಕ್ಕನೂ ಸೇರಿ, ಗುಡ್ಡ ಸುತ್ತಿ ತಮ್ಮ ಕಚೇರಿಗೆ ಬಂದೆವು. ತಾವು ಫ್ಯಾನಿನ ಕೆಳಗೆ ಸಹಾನುಭೂತಿಯಿಂದ ಬೆವರುತ್ತಾ, ಒಬ್ಬರ ಹಸಿವನ್ನು ಇನ್ನೊಬ್ಬರು ಹೇಳಿದರೆ ಕಾನೂನು ಒಪ್ಪದೆಂದೂ, ಹಸಿದವರೇ ಖುದ್ದಾಗಿ ಬಂದು ಹೇಳಿದರೆ ಲಾರಿ ಬಿಡಲು ಅಡ್ಡಿಯಿಲ್ಲವೆಂದೂ, ಅದನ್ನು ಜನಸಹಕಾರದ ಚಿತ್ರಕ್ಕಾಗಿ ವಿಡಿಯೋ ಮಾಡಿಸುವುದಾಗಿಯೂ ತಿಳಿಸಿದಿರಿ. ಬೀದಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅತ್ತೆಯ ಮುಖ ನೋಡಿಕೊಂಡು ಬಂದಿದ್ದವರು ಟೈಲರಕ್ಕ ಮಾತ್ರ. ಅವರು ಮುಂದೆ ಬಂದು, “ಹಸಿವಾಗಿದೆ ಸಾರ್, ನಂಗೂ, ನಮ್ಮತ್ತೆಗೂ” ಎಂದರು. “ಸ್ವಲ್ಪ ಜೋರಾಗಿ ಹೇಳಮ್ಮ, ರೆಕಾರ್ಡ್ ಆಗ್ಲಿಲ್ಲ” ಎಂದಿರಿ ತಾವು. ಅವರು ಜೋರಾಗಿ ಇನ್ನೊಮ್ಮೆ ಹೇಳಿದರು. ಆಮೇಲೆ, “ಆಯ್ತಲ್ಲ? ಮೂರನೇ ಸಲ ಹೇಳಲ್ಲ” ಎಂದು ಹೊರಟುಹೋದರು.

ಲಾರಿ ಬಂತು, ಸುಳ್ಳು ಹೇಳಬಾರದು. ಆದರೆ ಮರುದಿನ ಟೈಲರಕ್ಕನ ಬಾಗಿಲಲ್ಲಿ ಪಾತ್ರೆಯೇ ಇರಲಿಲ್ಲ. ಬಾಯಿ ಮೇಲೂ ಇಲ್ಲ, ಬೋರಲೂ ಇಲ್ಲ. ಹೇಳುವುದನ್ನೆಲ್ಲ ತಮ್ಮೆದುರು ಹೇಳಿಯಾದ ಮೇಲೆ ಪಾತ್ರೆಗೆ ಹೇಳಲು ಉಳಿದದ್ದೇನು?

ಆದ್ದರಿಂದ ಮಾನ್ಯರಲ್ಲಿ ಕೆಲವು ಅಲ್ಪ ಬಿನ್ನಹಗಳಿವೆ. ಸೊಳ್ಳೆಗಳ ಯೋಗಕ್ಷೇಮವನ್ನು ಇಷ್ಟು ಮುತುವರ್ಜಿಯಿಂದ ವಿಚಾರಿಸಿಕೊಂಡ ತಾವು ಆಹಾರ ಸಮಿತಿಯಲ್ಲಿ ಅವುಗಳಿಗೂ ಒಂದು ಸ್ಥಾನ ಕೊಡಬೇಕು. ನಮ್ಮ ಬೀದಿಯಲ್ಲಿ ಹೊಟ್ಟೆತುಂಬ ಉಂಡವು ಅವು ಮಾತ್ರ. ಹೊರಗಿನ ಪಾತ್ರೆಯಂತೆಯೇ ಒಳಗಿನ ಹೊಟ್ಟೆಯನ್ನೂ ಬೋರಲು ಹಾಕುವ ವಿಧಾನವನ್ನು ತಜ್ಞರಿಂದ ತಿಳಿಸಿಕೊಡಬೇಕು. ಅದಾಗದಿದ್ದರೆ, ಬೋರಲು ಬಿದ್ದ ಪಾತ್ರೆಯನ್ನು ಬಗ್ಗಿ ಎತ್ತಿ ನೋಡುವ ಒಂದು ಹುದ್ದೆಯನ್ನು ಸೃಷ್ಟಿಸಿ, ಸೊಂಟ ಬಗ್ಗುವ ಒಬ್ಬರನ್ನು ಇಲಾಖೆಯಲ್ಲಿ ಹುಡುಕಬೇಕು.

ಕೊನೆಯದಾಗಿ ಒಂದು ತಿಳಿವಳಿಕೆ. ನಿನ್ನೆ ಬೆಳಗ್ಗೆ ಟೈಲರಕ್ಕನದೊಂದು ಬಿಟ್ಟು ನಮ್ಮ ಬೀದಿಯ ಪ್ರತಿ ಮನೆಯ ಮುಂದೆಯೂ, ಉಗ್ರಾಣ ತುಂಬಿರುವ ಮಹಡಿಮನೆಯ ವಕೀಲರ ಬಾಗಿಲ ಮುಂದೆಯೂ, ತಮ್ಮ ಅಪ್ಪಣೆ ಮೀರಿ ಬಾಯಿ ಮೇಲಾಗಿ ಪಾತ್ರೆ ಇತ್ತು. ಯಾರದು ಬೇಕಾಗಿಟ್ಟದ್ದು, ಯಾರದು ಜೊತೆಗಿರಲೆಂದು ಇಟ್ಟದ್ದು ಎಂದು ಬ್ರೆಡ್ ಮಾವನಿಗೂ ತಿಳಿಯಲಿಲ್ಲ, ಎಲ್ಲಕ್ಕೂ ಬಡಿಸಿದರು. ಬಿಸಿಲೇರಿದ ಮೇಲೆ ಟೈಲರಕ್ಕ ಬಾಗಿಲು ತೆರೆದು, ಬೀದಿಯನ್ನು ಈ ಕಡೆಯಿಂದ ಆ ಕಡೆಗೆ ನೋಡಿ, ಒಳಗೆ ಹೋಗಿ ತಮ್ಮ ಪಾತ್ರೆ ತಂದಿಟ್ಟರು. ಇನ್ನು ಮುಂದೆ ನಮ್ಮ ಬೀದಿಯಲ್ಲಿ ಉಂಡವರೂ ಹಸಿದವರೇ. ಲಾರಿಯನ್ನು ಆ ಲೆಕ್ಕಕ್ಕೆ ತಕ್ಕಂತೆ ತುಂಬಿಸಿ ಕಳಿಸಬೇಕಾಗಿ ಪ್ರಾರ್ಥನೆ.

ಇಷ್ಟಾದರೂ ಹೇಗೋ ಹೆಣಗಿ
ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಬೀದಿ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವವನು

ವಿ.ಸೂ.: ‘ಹಸಿವುಮುಕ್ತ ಬೀದಿ’ ಎಂದು ಬರೆಸಿ ತಾವು ಪ್ರೀತಿಯಿಂದ ಕಳಿಸಿದ ತಗಡಿನ ಫಲಕ ಇಂದು ತಲುಪಿತು. ಅನ್ನದ ಹಂಡೆಗೆ ಮುಚ್ಚಳವಿಲ್ಲದೆ ಒದ್ದಾಡುತ್ತಿದ್ದೆವು. ಅಳತೆ ಕೊಟ್ಟು ಮಾಡಿಸಿದಂತೆ ಕೂತಿದೆ. ಮೇಲಿಟ್ಟರೆ ಅಕ್ಷರಗಳಿಗೆ ಹೊಗೆಯ ಮಸಿ ಹಿಡಿಯುತ್ತದೆಂದು ಆ ಬದಿಯನ್ನೇ ಕೆಳಗೆ ಮಾಡಿದ್ದೇವೆ. ಬೋರಲು ಹಾಕುವುದನ್ನು ಕಲಿಸಿದವರು ತಾವೇ ತಾನೆ?